ದತ್ತು ಪುಟದಲ್ಲಿ ಕನಿಕರ ಸಾಕು, ವಿವರ ಬೇಕು: ಪ್ರಾಣಿ ಆಶ್ರಯಧಾಮಗಳನ್ನು ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಶೆಲ್ಟರಿನಲ್ಲಿ ಮನೆಗಾಗಿ ಕಾದಿರುವ ನಾಯಿ, ಬೆಕ್ಕು, ಮೊಲಗಳ ಆನ್‌ಲೈನ್ ಪ್ರೊಫೈಲ್‌ಗಳ ವಿಷಯವಾಗಿ ಈ ಪತ್ರ. ಅಂಥ ಪುಟಗಳಿಗೆ ಫೋಟೊ ತೆಗೆಯುವ, ಬರೆಯುವ, ಹಳೆಯದನ್ನು ತಿದ್ದುವ ಕೆಲಸದಲ್ಲಿರುವವರು ನಾವು. ಬೋನು ತೊಳೆಯಬೇಕು, ಊಟ ಹಾಕಬೇಕು, ಔಷಧಿ ಕುಡಿಸಬೇಕು. ಇದೆಲ್ಲ ಮುಗಿದು ಪುರಸೊತ್ತು ಸಿಕ್ಕರೆ ಪ್ರೊಫೈಲ್. ಹಾಗಾಗಿಯೇ ಅದು ಎಲ್ಲಕ್ಕಿಂತ ಹೊಸಬರ ಕೈಗೆ, ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ. ಆ ಕ್ರಮವನ್ನು ಬದಲಿಸಿ ಎಂದು ಕೇಳುತ್ತಿದ್ದೇವೆ. ಬದಲಿಸುವಾಗ ಮೊದಲು ಕೈಬಿಡಬೇಕಾದದ್ದು ಬೇಡಿಕೊಳ್ಳುವ ದನಿ.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಹೆಸರು, ವಿವರ ಕಲ್ಪಿತ. ಮಾದರಿ ಮಾತ್ರ ಎಲ್ಲೆಡೆ ಇದೆ.

"ರಾಜ. ಗಂಡು. 2 ವರ್ಷ. ತುಂಬಾ ಮುದ್ದು. ಪಾಪ, ಇವನಿಗೆ ಯಾರೂ ಇಲ್ಲ. ದಯವಿಟ್ಟು ಒಂದು ಮನೆ ಕೊಡಿ. ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ."

ಜೊತೆಗೆ ಒಂದೇ ಒಂದು ಫೋಟೊ. ಬೋನಿನ ಸರಳುಗಳ ಹಿಂದೆ ಕೂತ ನಾಯಿ, ಮೇಲಿನಿಂದ ಕ್ಲಿಕ್ಕಿಸಿದ್ದು, ಫ್ಲ್ಯಾಷ್ ಬಿದ್ದು ಎರಡು ಕಣ್ಣೂ ಹಸಿರು ಬಲ್ಬಿನ ಹಾಗೆ. ಓದಿದವರಿಗೆ ಗೊತ್ತಾದದ್ದೇನು? ತೂಕ ಎಷ್ಟು, ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ನಡೆಯುತ್ತದೆಯೇ, ಒಬ್ಬನೇ ಎಷ್ಟು ಹೊತ್ತು ಇರಬಲ್ಲ, ಮೆಟ್ಟಿಲು ಹತ್ತುತ್ತಾನೆಯೇ, ಏನೂ ಇಲ್ಲ. ಅದಿರಲಿ, "2 ವರ್ಷ" ಎಂದು ಬರೆದದ್ದು ಯಾವಾಗ? ಪುಟಕ್ಕೆ 14 ತಿಂಗಳಾಗಿದ್ದರೆ ರಾಜನಿಗೆ ಈಗ 3 ದಾಟಿದೆ. ಓದಿದವರು ಅಯ್ಯೋ ಪಾಪ ಅಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಅದೇ ಸಾಲಿನಲ್ಲಿ ಇನ್ನೂ ಮೂವತ್ತು ಪಾಪದ ನಾಯಿಗಳಿರುತ್ತವೆ.

ಅದೇ ರಾಜನನ್ನು ಹೀಗೆ ಬರೆಯಬಹುದು:

"ರಾಜ 19 ಕಿಲೊ ತೂಗುತ್ತಾನೆ, ಬೆನ್ನಿನ ಎತ್ತರ 52 ಸೆಂ.ಮೀ., ಅಂದರೆ ದೊಡ್ಡವರ ಮೊಣಕಾಲಿನ ಮಟ್ಟ. ಹೊರಗೆ ಕರೆದೊಯ್ದರೆ ಮೊದಲ ಹತ್ತು ನಿಮಿಷ ಹಗ್ಗ ಜಗ್ಗುತ್ತಾನೆ, ಆಮೇಲೆ ಪಕ್ಕದಲ್ಲೇ ನಡೆಯುತ್ತಾನೆ. ಚೆಂಡು ಎಸೆದರೆ ತರುತ್ತಾನೆ, ಆದರೆ ಕೊಡುವುದಿಲ್ಲ. ಇಲ್ಲಿ ಮೂರು ಹೆಣ್ಣು ನಾಯಿಗಳ ಜೊತೆ ಅಂಗಳ ಹಂಚಿಕೊಂಡಿದ್ದಾನೆ, ತಕರಾರಿಲ್ಲ. ಒಂದು ಗಂಡು ನಾಯಿ ಊಟದ ಬಟ್ಟಲ ಹತ್ತಿರ ಬಂದಾಗ ಗುರುಗುಟ್ಟಿದ. ಅಂದಿನಿಂದ ಬೇರೆ ಬೇರೆ ಊಟ ಹಾಕುತ್ತಿದ್ದೇವೆ. ಬೆಕ್ಕಿನ ಜೊತೆ ಹೇಗೆಂದು ನೋಡಿಲ್ಲ. ಗುಡುಗಿದರೆ ಮೂಲೆ ಸೇರುತ್ತಾನೆ. ಎಡ ಹಿಂಗಾಲು ಹಿಂದೆಂದೋ ಮುರಿದು ಕೂಡಿಕೊಂಡಿದೆ. ಕುಂಟು ಕಾಣುತ್ತದೆ, ನೋವಿಲ್ಲ, ಔಷಧಿ ಬೇಕಿಲ್ಲ ಎಂದು ಪಶುವೈದ್ಯರು ನೋಡಿ ಹೇಳಿದ್ದಾರೆ."

ಇದರಲ್ಲಿ "ಪಾಪ" ಎಲ್ಲೂ ಇಲ್ಲ, "ಮುದ್ದು" ಸಹ ಇಲ್ಲ. ಚೆಂಡು ಕೊಡದ ನಾಯಿ ಎಂಬ ಒಂದು ಸಾಲಿಗೇ ಓದುವವರ ಮುಖದಲ್ಲಿ ನಗು ಬಂದಿರುತ್ತದೆ. ಗುರುಗುಟ್ಟಿದ್ದನ್ನೂ ಬರೆದಿದ್ದೇವೆ. ಹೆದರಿ ಹಿಂಜರಿಯುವವರು ಇಲ್ಲೇ ಹಿಂಜರಿಯಲಿ; ಮನೆಗೆ ಕರೆದೊಯ್ದು ಐದನೇ ದಿನ ವಾಪಸ್ ತಂದು ಬಿಡುವುದಕ್ಕಿಂತ ಅದು ಮೇಲು.

ಇಷ್ಟು ಬರೆಯಲು ಬೇಕಾದ ಮಾಹಿತಿ ನಿಮ್ಮಲ್ಲಿ ಆಗಲೇ ಇದೆ. ಆದರೆ ಕಾಗದದ ಮೇಲಲ್ಲ, ಬೆಳಿಗ್ಗೆ ಬೋನು ತೊಳೆಯುವವರ ತಲೆಯಲ್ಲಿ. ಯಾವ ಬೆಕ್ಕು ಕೈ ಕಂಡರೆ ಬೆನ್ನು ಬಾಗಿಸುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂದು ಅವರಿಗೆ ಗೊತ್ತು. ಅವರನ್ನು ಕೂರಿಸಿ "ಇದು ಹೇಗೆ?" ಎಂದು ಕೇಳಿದರೆ "ಒಳ್ಳೇದು ಸಾರ್" ಎಂಬ ಉತ್ತರ ಬರುತ್ತದೆ. ಕೇಳುವ ರೀತಿ ಬೇರೆ ಇರಬೇಕು: ಬಾಗಿಲು ತೆಗೆದ ತಕ್ಷಣ ಏನು ಮಾಡುತ್ತದೆ? ಊಟ ಹಾಕಿದಾಗ? ಹೊಸಬರು ಬಂದಾಗ ಮುಂದೆ ಬರುತ್ತದೆಯೋ, ಮೂಲೆಗೆ ಹೋಗುತ್ತದೆಯೋ? ಎತ್ತಿಕೊಂಡರೆ ಎಷ್ಟು ಹೊತ್ತು ಸುಮ್ಮನಿರುತ್ತದೆ? ಯಾವ ಆಟಿಕೆಗೆ ಏಳುತ್ತದೆ? ಈ ಐದು ಪ್ರಶ್ನೆ ಅಚ್ಚು ಹಾಕಿಸಿ ಪ್ರತಿ ಬೋನಿನ ಹೊರಗೆ ನೇತುಹಾಕಿ, ಪೆನ್ನು ಕಟ್ಟಿಡಿ. ಪೆನ್ನು ಕಟ್ಟದಿದ್ದರೆ ಚೀಟಿ ಖಾಲಿಯೇ ಉಳಿಯುತ್ತದೆ. ಚೀಟಿಯಲ್ಲಿ ಬರೆದವರ ಹೆಸರು, ದಿನಾಂಕ ಇರಬೇಕು. ಶೆಲ್ಟರಿಗೆ ಬಂದ ಎರಡನೇ ದಿನದ ನಡತೆಗೂ ಎರಡನೇ ವಾರದ ನಡತೆಗೂ ಅಜಗಜಾಂತರ. ಬಂದ ಹೊಸತರಲ್ಲಿ ಗೋಡೆಗೆ ಮುಖ ಮಾಡಿ ಕೂತ ಬೆಕ್ಕನ್ನು "ನಾಚಿಕೆ ಸ್ವಭಾವ" ಎಂದು ಬರೆದಿಟ್ಟು, ಅದು ಎಲ್ಲರ ತೊಡೆ ಹತ್ತುವ ಕಾಲಕ್ಕೂ ಅದೇ ಸಾಲು ಉಳಿದಿರುವುದು ತೀರಾ ಸಾಮಾನ್ಯ ತಪ್ಪು.

ಈಗ ಫೋಟೊ. ಪಟ್ಟಿಯಲ್ಲಿ ಮೊದಲು ಕಾಣುವುದು ಅಂಚೆಚೀಟಿಯಷ್ಟು ಚಿತ್ರ. ಅದರ ಮೇಲೆ ಬೆರಳು ನಿಲ್ಲದಿದ್ದರೆ ಕೆಳಗಿನ ಬರಹ ಎಷ್ಟೇ ಚೆನ್ನಾಗಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಶುರುವಾದ, ದತ್ತಿಗಿರುವ ಪ್ರಾಣಿಗಳ ಪಟ್ಟಿ ತೋರಿಸುವ ಪೆಟ್‌ಫೈಂಡರ್ ಜಾಲತಾಣದಿಂದ ಕಪ್ಪು ಲ್ಯಾಬ್ರಡಾರ್ ಮಿಶ್ರತಳಿಯೆಂದು ಗುರುತಿಸಿದ್ದ ನಾಯಿಗಳ 468 ಫೋಟೊ ಆಯ್ದು ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಕ್ಯಾಮೆರಾದ ಕಡೆಗೇ ನೋಡುತ್ತಿರುವ, ನಿಂತಿರುವ, ಹೊರಗಿನ ಬಯಲಿನಲ್ಲಿ ತೆಗೆದ ಫೋಟೊಗಳ ನಾಯಿಗಳು ಬೇಗ ಮನೆ ಸೇರಿದ್ದವು. ಇದಕ್ಕೆ ಸ್ಟುಡಿಯೊ ಬೇಕಿಲ್ಲ. ಈಗಿನ ಯಾವುದೇ ಸಾಧಾರಣ ಫೋನು ಸಾಕು, ಜೊತೆಗೆ ಇಬ್ಬರು ಜನ.

ಇಬ್ಬರು ಯಾಕೆಂದರೆ ಒಬ್ಬರ ಕೈಯಲ್ಲಿ ಹಗ್ಗ, ಇನ್ನೊಬ್ಬರ ಕೈಯಲ್ಲಿ ಫೋನು. ಒಬ್ಬರೇ ಎರಡನ್ನೂ ಮಾಡಹೋದರೆ ಫೋಟೊ ಅಲುಗುತ್ತದೆ, ಇಲ್ಲವೇ ನಾಯಿ ತಪ್ಪಿಸಿಕೊಳ್ಳುತ್ತದೆ. "ಚಿತ್ರದಲ್ಲಿ ಹಗ್ಗ ಕಾಣಬಾರದು" ಎಂದು ಬೇಲಿ ಇಲ್ಲದ ಜಾಗದಲ್ಲಿ ಬಿಚ್ಚಿಬಿಡುವುದು ಬೇಡವೇ ಬೇಡ. ಸಣ್ಣ, ಒಂದೇ ಬಣ್ಣದ ಹಗ್ಗವನ್ನು ಪಕ್ಕಕ್ಕೆ ಹಿಡಿದರೆ ಆಮೇಲೆ ಫೋನಿನಲ್ಲೇ ಅಳಿಸಬಹುದು, ಅಳಿಸದಿದ್ದರೂ ನಷ್ಟವಿಲ್ಲ. ಮುಳ್ಳಿನ ಪಟ್ಟಿ, ದಪ್ಪ ಸರಪಳಿ ಮಾತ್ರ ಕಾಣಬಾರದು. ಎಷ್ಟೇ ಸಾಧು ನಾಯಿಯಾದರೂ ಸರಪಳಿ ಕಂಡೊಡನೆ ನೋಡುವವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ನಾಯಿಯನ್ನು ಬೋನಿನಿಂದ ನೇರ ಕ್ಯಾಮೆರಾದ ಮುಂದೆ ತರಬೇಡಿ. ಹದಿನೈದು ನಿಮಿಷ ನಡೆದಾಡಿ, ಮೂತ್ರ ಮಾಡಿ, ಮೂಸುವುದೆಲ್ಲ ಮೂಸಿದ ಮೇಲೆ ಬಾಯಿ ತುಸು ತೆರೆದು ನಾಲಿಗೆ ಸಡಿಲವಾಗುತ್ತದೆ. ನಾವು ನಗು ಎಂದು ಕರೆಯುವುದು ಅದನ್ನೇ. ಕಿವಿ ಹಿಂದಕ್ಕೆ ಒತ್ತಿಕೊಂಡು, ತುಟಿ ನೆಕ್ಕುತ್ತ, ಕಣ್ಣಂಚಿನ ಬಿಳಿ ಕಾಣುತ್ತಿದ್ದರೆ ಅದು ಹೆದರಿಕೆ. ಆಗ ತೆಗೆದ ನೂರು ಫೋಟೊಗಳೂ ದಂಡ. ಬೆಕ್ಕಿನದಾದರೆ ಕಣ್ಣಪಾಪೆ ನೋಡಿ: ಬೆಳಕು ಚೆನ್ನಾಗಿದ್ದೂ ಪಾಪೆ ದೊಡ್ಡ ಕಪ್ಪು ವೃತ್ತವಾಗಿದ್ದು, ಜೊತೆಗೆ ಮೈ ಕುಗ್ಗಿದ್ದರೆ ಅದು ಅಂಜಿದೆ. ಅದನ್ನು ಹೊರಗೆ ಹೊತ್ತೊಯ್ಯುವ ಗೋಜಿಗೆ ಹೋಗದೆ, ಅದು ದಿನಾ ಮಲಗುವ ಕೋಣೆಯಲ್ಲೇ ಕಿಟಕಿ ಪಕ್ಕ ಒಂದು ಸಾದಾ ಬಟ್ಟೆ ಹಾಸಿ, ನೀವು ನೆಲದ ಮೇಲೆ ಕೂತು ಕಾಯಿರಿ. ಕಣ್ಣು ಅರೆಮುಚ್ಚಿ ನಿಧಾನ ಮಿಟುಕಿಸಿದಾಗ ಕ್ಲಿಕ್ಕಿಸಿ.

ಫೋನನ್ನು ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಸಬೇಕು, ಅಂದರೆ ನೀವು ಮಂಡಿಯೂರಬೇಕು, ಕೆಲವೊಮ್ಮೆ ನೆಲಕ್ಕೆ ಮಲಗಬೇಕು. ಪ್ಯಾಂಟು ಕೊಳೆಯಾಗದೆ ಒಳ್ಳೆಯ ನಾಯಿ ಫೋಟೊ ಸಿಗುವುದು ಕಡಿಮೆ. ತೀರಾ ಹತ್ತಿರ ಹೋಗಬೇಡಿ. ಫೋನಿನ ಮುಖ್ಯ ಲೆನ್ಸು ಅಗಲದ್ದಾದ್ದರಿಂದ ಒಂದಡಿ ದೂರದಿಂದ ತೆಗೆದರೆ ಮೂಗು ಬದನೆಕಾಯಿಯಷ್ಟಾಗಿ ತಲೆ ಸಣ್ಣದಾಗುತ್ತದೆ. ಎರಡು ಮೀಟರ್ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ಫ್ಲ್ಯಾಷ್ ಬೇಡ, ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಪದರವಿದೆ, ಆ ಹಸಿರು ಹೊಳಪು ಅದರದ್ದೇ. ನಡುಮಧ್ಯಾಹ್ನದ ನೇರ ಬಿಸಿಲೂ ಬೇಡ. ಕಟ್ಟಡದ ನೆರಳು ಅಥವಾ ಮೋಡದ ದಿನದ ಬೆಳಕು ಎಲ್ಲಕ್ಕಿಂತ ಚೆನ್ನ. ಮರದ ಕೆಳಗಿನ ಚುಕ್ಕಿ ಚುಕ್ಕಿ ನೆರಳಿನಲ್ಲಿ ನಿಲ್ಲಿಸಿದರೆ ಮೈಮೇಲೆಲ್ಲ ರೋಗದ ಕಲೆಯಂತೆ ಕಾಣುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಮೀಸೆ, ಕಿವಿಯ ಕೂದಲನ್ನೂ ಕತ್ತರಿಸಿಬಿಡುತ್ತದೆ. ಅದಕ್ಕಿಂತ ಹಿಂದಿನ ಗೋಡೆಯಿಂದ ಮೂರು ಮೀಟರ್ ಮುಂದೆ ನಿಲ್ಲಿಸುವುದು ಲೇಸು.

ಕಪ್ಪು ಪ್ರಾಣಿಗಳ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕಪ್ಪು ನಾಯಿ ಬೆಕ್ಕುಗಳನ್ನು ಯಾರೂ ಒಯ್ಯುವುದಿಲ್ಲ ಎಂಬ ಮಾತು ಶೆಲ್ಟರುಗಳಲ್ಲಿ ಚಾಲ್ತಿಯಲ್ಲಿದೆ. ಈ ಬಗ್ಗೆ ನಡೆದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವು ಹೌದೆನ್ನುತ್ತವೆ, ಕೆಲವು ಬಣ್ಣದಿಂದ ವ್ಯತ್ಯಾಸವೇ ಇಲ್ಲವೆನ್ನುತ್ತವೆ. ಫೋಟೊ ಕೆಡುವುದಂತೂ ಖಂಡಿತ. ಕ್ಯಾಮೆರಾ ತನ್ನ ಮುಂದಿರುವ ಇಡೀ ದೃಶ್ಯದ ಬೆಳಕನ್ನು ಲೆಕ್ಕ ಹಾಕುತ್ತದೆ. ಬಿಳಿ ಗೋಡೆಯ ಮುಂದೆ ಕಪ್ಪು ನಾಯಿ ನಿಂತರೆ ಗೋಡೆಯನ್ನು ಸರಿ ಮಾಡಲು ಹೋಗಿ ನಾಯಿಯನ್ನು ಕಣ್ಣು ಮೂಗಿಲ್ಲದ ಮಸಿಯ ಮುದ್ದೆ ಮಾಡುತ್ತದೆ. ಪರದೆಯ ಮೇಲೆ ನಾಯಿಯ ಮುಖವನ್ನು ಒತ್ತಿ ಹಿಡಿಯಿರಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಸರಿಸಿ ಬೆಳಕು ಹೆಚ್ಚಿಸಿ. ಹಿನ್ನೆಲೆಗೆ ಹುಲ್ಲು ಅಥವಾ ಇಟ್ಟಿಗೆ ಬಣ್ಣದ ಗೋಡೆ ಹುಡುಕಿ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಕಾಣುವಂತೆ ಮುಖವನ್ನು ತೆರೆದ ಆಕಾಶದ ಕಡೆ ತಿರುಗಿಸಿ. ಕಪ್ಪು ಮುಖಕ್ಕೆ ಜೀವ ಬರುವುದು ಆ ಚುಕ್ಕೆಯಿಂದ. ಅಚ್ಚ ಬಿಳಿ ಬೆಕ್ಕಿಗಾದರೆ ಬೆಳಕು ತಗ್ಗಿಸಬೇಕು, ಇಲ್ಲದಿದ್ದರೆ ಕೂದಲೆಲ್ಲ ಸುಣ್ಣದಂತಾಗುತ್ತದೆ.

ಒಂದು ಪ್ರಾಣಿಗೆ ಹತ್ತು ನಿಮಿಷ, ನಲವತ್ತು ಐವತ್ತು ಕ್ಲಿಕ್, ಉಳಿಸಿಕೊಳ್ಳುವುದು ನಾಲ್ಕು ಅಥವಾ ಐದು. ಮೊದಲನೆಯದು ಮುಖ. ಎರಡನೆಯದು ಪಕ್ಕದಿಂದ ಪೂರ್ತಿ ಮೈ, ನಾಲ್ಕೂ ಪಾದ ಕಾಣುವಂತೆ. ಮೂರನೆಯದರಲ್ಲಿ ಮನುಷ್ಯರ ಕೈಯೋ ಕಾಲೋ ಇರಲಿ, ಗಾತ್ರ ಗೊತ್ತಾಗುತ್ತದೆ. "ಮಧ್ಯಮ ಗಾತ್ರ" ಎಂಬ ಪದ ಒಬ್ಬೊಬ್ಬರಿಗೆ ಒಂದೊಂದು. ನಾಲ್ಕನೆಯದು ಆಟ ಅಥವಾ ನಿದ್ದೆ. ಕಣ್ಣಿಲ್ಲ, ಕಾಲಿಲ್ಲ, ಗಾಯದ ಗುರುತಿದೆ ಎಂದಾದರೆ ಐದನೆಯದು ಅದರದ್ದೇ, ಸ್ಪಷ್ಟವಾಗಿ. ಮುಚ್ಚಿಟ್ಟರೆ ನೋಡಲು ಬಂದವರು ಬಾಗಿಲಲ್ಲೇ ತಿಳಿದುಕೊಂಡು, ಇನ್ನೇನು ಮುಚ್ಚಿಟ್ಟಿದ್ದೀರಿ ಎಂಬ ಮುಖ ಮಾಡುತ್ತಾರೆ. ಟೋಪಿ, ಕನ್ನಡಕ, ಹೂವಿನ ಹಾರ ಬೇಡ ಎಂದು ನಮ್ಮ ಅಭಿಪ್ರಾಯ. ಹಾಕುವವರಿಗೆ ಖುಷಿ, ಹಾಕಿಸಿಕೊಂಡ ಪ್ರಾಣಿಯ ಮುಖದಲ್ಲಿ ಅದು ಕಾಣುವುದಿಲ್ಲ.

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪುಟಕ್ಕೆ ಹಾಕುವಾಗ ಉದ್ದನೆಯ ಬದಿ 1200ರಿಂದ 1600 ಪಿಕ್ಸೆಲ್ ಸಾಕು, ಅದಕ್ಕಿಂತ ದೊಡ್ಡದಾದರೆ ನಿಧಾನದ ನೆಟ್‌ವರ್ಕಿನಲ್ಲಿ ತೆರೆಯುವಷ್ಟರಲ್ಲಿ ಜನ ಹೊರಟುಹೋಗುತ್ತಾರೆ. ಫೈಲಿಗೆ ಪ್ರಾಣಿಯ ದಾಖಲೆ ಸಂಖ್ಯೆಯನ್ನೇ ಹೆಸರಾಗಿಡಿ. ಮೂರು "ಕರಿಯ"ಗಳಿರುವ ಶೆಲ್ಟರಿನಲ್ಲಿ ಒಬ್ಬನ ಪುಟಕ್ಕೆ ಇನ್ನೊಬ್ಬನ ಮುಖ ಬರುವುದು ಹೀಗೆ ಹೆಸರಿಡದ ಫೈಲುಗಳಿಂದಲೇ. ಪ್ರಾಣಿ ಯಾರದಾದರೂ ಮನೆಯಲ್ಲಿ ತಾತ್ಕಾಲಿಕ ಆರೈಕೆಯಲ್ಲಿದ್ದರೆ, ಫೋಟೊದೊಳಗೆ ಅಡಗಿರುವ ಜಿಪಿಎಸ್ ವಿವರವನ್ನು ತೆಗೆದೇ ಹಾಕಿ. ಆ ಮನೆಯ ಜಾಗ ಅದರಲ್ಲಿ ದಾಖಲಾಗಿರುತ್ತದೆ. ವಿಡಿಯೊ 20ರಿಂದ 30 ಸೆಕೆಂಡ್ ಸಾಕು, ಹಿನ್ನೆಲೆ ಸಂಗೀತ ಹಾಕಿ ಅದರ ಬೊಗಳಿಕೆ, ಗುರುಗುಡುವಿಕೆಯನ್ನು ಮುಚ್ಚಬೇಡಿ. ಚಿತ್ರ ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕಾಗಿ ಒಂದು ಸಾಲಿನ ವಿವರಣೆಯನ್ನೂ ಸೇರಿಸಿ: "ಹುಲ್ಲಿನ ಮೇಲೆ ನಿಂತ ಕಂದು ನಾಯಿ, ಎಡಗಿವಿ ಮಡಚಿದೆ." ಅರ್ಧ ನಿಮಿಷದ ಕೆಲಸ.

ತಳಿಯ ವಿಷಯಕ್ಕೆ ಬರೋಣ. ಇಲ್ಲಿ ನಾವೆಲ್ಲ ಸುಳ್ಳು ಹೇಳುತ್ತೇವೆ, ಗೊತ್ತಿಲ್ಲದೆ. ಕಿವಿ ನಿಂತಿದ್ದರೆ ಶೆಪರ್ಡ್, ಮುಖ ಅಗಲವಿದ್ದರೆ ಪಿಟ್‌ಬುಲ್, ಹಳದಿ ಬಣ್ಣವಾದರೆ ಲ್ಯಾಬ್. ಅಮೆರಿಕದ ಎರಡು ಶೆಲ್ಟರುಗಳ 900ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 125 ತಳಿಗಳ ಗುರುತು ಸಿಕ್ಕಿತ್ತು; ಬಹುಪಾಲು ನಾಯಿಗಳಲ್ಲಿ ಒಂದಕ್ಕಿಂತ ಹೆಚ್ಚು ತಳಿ ಬೆರೆತಿತ್ತು. ಕಣ್ಣಳತೆಯಲ್ಲಿ ಅದನ್ನು ಹೇಳಲಾಗದು. ಅಂದಾಜಿಗೆ ಬೆಲೆ ತೆರುವುದು ನಾಯಿ: ಪ್ಲಾಸ್ ಒನ್ ಪತ್ರಿಕೆಯಲ್ಲಿ 2016ರಲ್ಲಿ ಬಂದ ಅಧ್ಯಯನದ ಪ್ರಕಾರ, ಪಿಟ್‌ಬುಲ್ ಬಗೆಯದೆಂದು ಹಣೆಪಟ್ಟಿ ಹಚ್ಚಿದ ನಾಯಿಗಳು, ನೋಡಲು ಅವುಗಳಂತೆಯೇ ಇದ್ದು ಬೇರೆ ತಳಿಯ ಹೆಸರು ಪಡೆದ ನಾಯಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚು ಕಾಲ ಕಾಯಬೇಕಾಯಿತು. ತಳಿಯ ಹೆಸರನ್ನೇ ತೆಗೆದುಹಾಕಿದಾಗ ದತ್ತು ಹೆಚ್ಚಿತು, ಕಾಯುವ ದಿನ ಇಳಿಯಿತು. ತಂದೆ ತಾಯಿ ಗೊತ್ತಿಲ್ಲದ ಪ್ರಾಣಿಗೆ "ಮಿಶ್ರತಳಿ" ಎಂದಷ್ಟೇ ಬರೆದು, ಗಾತ್ರ, ಕೂದಲು ಉದುರುವ ಪ್ರಮಾಣ, ಚಟುವಟಿಕೆ ಬರೆಯಿರಿ. ತಳಿ ಕೇಳುವವರು ನಿಜಕ್ಕೂ ತಿಳಿಯಬಯಸುವುದು ಹೆಚ್ಚಾಗಿ ಇವುಗಳನ್ನೇ.

ವಯಸ್ಸಿನಲ್ಲೂ ಹೀಗೆಯೇ ಜಾಗ್ರತೆ ಬೇಕು. ನಾಯಿಮರಿಯ 28 ಹಾಲುಹಲ್ಲು ಬಿದ್ದು 42 ಕಾಯಂ ಹಲ್ಲು ಬರುವುದು ಆರೇಳು ತಿಂಗಳೊಳಗೆ ಮುಗಿಯುತ್ತದೆ. ಅಲ್ಲಿಯವರೆಗೆ ಹಲ್ಲು ನೋಡಿ ಹೇಳಬಹುದು, ಆಮೇಲೆ ಸವೆತ, ಕಟ್ಟಿದ ಪಾಚಿ ನೋಡಿ ಹೇಳುವುದೆಲ್ಲ ಅಂದಾಜು. ಬೆಕ್ಕಿನ ಮರಿ ಮೊದಲ ಕೆಲ ತಿಂಗಳು ತಿಂಗಳಿಗೆ ಸುಮಾರು 450 ಗ್ರಾಂ ಏರುತ್ತದೆ. 900 ಗ್ರಾಂ ಇದ್ದರೆ ಹೆಚ್ಚುಕಡಿಮೆ ಎರಡು ತಿಂಗಳು, ಹಸಿದು ಬಂದ ಮರಿಯಾದರೆ ಇನ್ನೂ ಹೆಚ್ಚಿರಬಹುದು. ಪುಟದಲ್ಲಿ ವಯಸ್ಸು ಬರೆಯಬೇಡಿ, ಅಂದಾಜು ಹುಟ್ಟಿದ ತಿಂಗಳು ಮತ್ತು ವರ್ಷ ಬರೆಯಿರಿ. ವಯಸ್ಸು ಹಳಸುತ್ತದೆ, ಹುಟ್ಟಿದ ತಿಂಗಳು ಹಳಸುವುದಿಲ್ಲ. ಲಿಂಗವನ್ನೂ ಮತ್ತೊಮ್ಮೆ ನೋಡಿ. ಎಳೆಯ ಬೆಕ್ಕು, ಎಳೆಯ ಮೊಲಗಳಲ್ಲಿ ಅನುಭವಸ್ಥರೂ ಎಡವುತ್ತಾರೆ. ಕಪ್ಪು, ಕಿತ್ತಳೆ, ಬಿಳಿ ಮೂರೂ ಇರುವ ಬೆಕ್ಕನ್ನು ಯಾರಾದರೂ ಗಂಡೆಂದು ಬರೆದಿದ್ದರೆ ಇನ್ನೊಮ್ಮೆ ಎತ್ತಿ ನೋಡಲು ಹೇಳಿ; ಆ ಬಣ್ಣದ ಗಂಡು ತೀರಾ ಅಪರೂಪ.

ಆರೋಗ್ಯದ ಸಾಲು "ಎಲ್ಲ ಲಸಿಕೆ ಆಗಿದೆ" ಎಂದಿರಬಾರದು. ಯಾವುದು, ಯಾವ ದಿನ, ಮುಂದಿನದು ಯಾವಾಗ ಎಂದಿರಬೇಕು. ನಾಯಿಮರಿಗೆ ಮೂಲ ಲಸಿಕೆಗಳನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರದ ವಯಸ್ಸಾಗುವವರೆಗೆ ಕೊಡಬೇಕು. ಹತ್ತು ವಾರದ ಮರಿಗೆ "ಎಲ್ಲ ಆಗಿದೆ" ಎಂದು ಓದಿದವರು ಮುಂದಿನ ಸೂಜಿ ತಪ್ಪಿಸುತ್ತಾರೆ. ಬೆಕ್ಕಿಗೆ ಎಫ್‌ಐವಿ (ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್ ಸೋಂಕು) ಇದ್ದರೆ ಅದನ್ನೂ ಬರೆಯಿರಿ, ಜೊತೆಗೆ ಅದರರ್ಥವನ್ನೂ ಬರೆಯಿರಿ: ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುವಂಥದ್ದು, ಮನುಷ್ಯರಿಗೆ ಬರುವುದಿಲ್ಲ, ಎಷ್ಟೋ ಬೆಕ್ಕುಗಳು ಇದನ್ನಿಟ್ಟುಕೊಂಡೇ ವರ್ಷಗಟ್ಟಲೆ ಆರಾಮಾಗಿರುತ್ತವೆ. ಬರೀ ಮೂರಕ್ಷರ ಬರೆದು ಬಿಟ್ಟರೆ ಓದಿದವರು ತಾವೇ ಅರ್ಥ ಹಚ್ಚಿಕೊಂಡು ಹೆದರುತ್ತಾರೆ.

ನಡತೆಯ ಬಗ್ಗೆ ಬರೆಯುವಾಗ "ನೋಡಿದ್ದೇವೆ" ಮತ್ತು "ನೋಡಿಲ್ಲ" ಎಂಬೆರಡನ್ನು ಬೇರೆ ಇಡಿ. "ಮಕ್ಕಳಿಗೆ ಒಳ್ಳೆಯದು" ಎಂಬುದು ಭರವಸೆಯ ಮಾತು, ಅದನ್ನು ಕೊಡುವ ಅಧಿಕಾರ ನಮಗಿಲ್ಲ. "ಎಂಟು ವರ್ಷ ಮೇಲ್ಪಟ್ಟ ಮಕ್ಕಳು ಮೂರು ಸಲ ಬಂದಾಗ ಬಾಲ ಆಡಿಸುತ್ತ ಹತ್ತಿರ ಹೋಗಿದೆ" ಎಂಬುದು ಕಂಡದ್ದು. ಎದುರು ತುದಿಯ ತಪ್ಪೂ ಉಂಟು: ಒಂದೇ ಸಾಲಿನಲ್ಲಿ ಮಕ್ಕಳು ಬೇಡ, ಬೆಕ್ಕು ಬೇಡ, ಬೇರೆ ನಾಯಿ ಬೇಡ, ಅನುಭವ ಇಲ್ಲದವರು ಬೇಡ. ಒಂದು ದಿನ ಒಂದು ನಾಯಿಯ ಮೇಲೆ ಬೊಗಳಿದ್ದಕ್ಕೆ ಜೀವಮಾನದ "ಬೇರೆ ನಾಯಿ ಬೇಡ" ಹಚ್ಚಬೇಡಿ. ನಿಜಕ್ಕೂ ಬೇಡವಾದದ್ದನ್ನು, ಕಚ್ಚಿದ ಇತಿಹಾಸವನ್ನು ಮಾತ್ರ ಮುಚ್ಚುಮರೆ ಇಲ್ಲದೆ, ಯಾವ ಸಂದರ್ಭದಲ್ಲಿ ಎಂಬುದರ ಸಮೇತ ಬರೆಯಿರಿ. ಇನ್ನು, ನಾಯಿಯೇ ಮಾತಾಡುವ ಹಾಗೆ "ಹಾಯ್, ನಾನು ರಾಜ, ನನಗೆ ಅಮ್ಮ ಬೇಕು" ಎಂದು ಬರೆಯುವ ರೂಢಿ. ಕೆಲವರಿಗೆ ಅದು ಇಷ್ಟ. ನಮಗಿಲ್ಲ, ಕಾರಣ ಇಷ್ಟೇ: ಆ ದನಿಯಲ್ಲಿ "ಊಟದ ಬಟ್ಟಲ ಹತ್ತಿರ ಗುರುಗುಟ್ಟುತ್ತೇನೆ" ಎಂದು ಬರೆಯಲು ಯಾರಿಗೂ ಕೈ ಬರುವುದಿಲ್ಲ, ಅದು ಬಿಟ್ಟೇ ಹೋಗುತ್ತದೆ.

ಒಟ್ಟು ಬರಹ ನೂರೈವತ್ತು ಪದದ ಆಸುಪಾಸು ಇರಲಿ. ಆದರೆ ಬರಹದಷ್ಟೇ ಮುಖ್ಯ ಮೇಲಿನ ಖಾನೆಗಳು. ಜನ ಹುಡುಕುವುದು ಗಾತ್ರ, ವಯಸ್ಸು, ಲಿಂಗ, "ಬೆಕ್ಕಿನೊಂದಿಗೆ ಸರಿ" ಎಂಬ ಫಿಲ್ಟರ್ ಹಾಕಿ. ನೀವು ಖಾನೆ ಖಾಲಿ ಬಿಟ್ಟರೆ ಆ ಪ್ರಾಣಿ ಪಟ್ಟಿಯಿಂದಲೇ ಉದುರಿಹೋಗುವ ಸಂಭವ ಹೆಚ್ಚು. ಸುಂದರ ಫೋಟೊ, ಒಳ್ಳೆಯ ಬರಹ ಎಲ್ಲ ಇದ್ದೂ ಯಾರೂ ಕಾಣದ ಪುಟಗಳು ಹೀಗೆ ಹುಟ್ಟುತ್ತವೆ. ಜೋಡಿಯಾಗಿಯೇ ಹೋಗಬೇಕಾದ ಎರಡು ಬೆಕ್ಕುಗಳಿಗೆ ಎರಡು ಪುಟ ಮಾಡಿ, ಎರಡರಲ್ಲೂ ಮೊದಲ ಸಾಲಿನಲ್ಲೇ ಅದನ್ನು ಹೇಳಿ, ಮೊದಲ ಫೋಟೊದಲ್ಲೇ ಇಬ್ಬರನ್ನೂ ತೋರಿಸಿ.

ಆಡಳಿತದವರು ಮಾಡಬೇಕಾದ ಕೆಲಸ ಇಲ್ಲಿದೆ. ಒಬ್ಬರನ್ನು ಹೆಸರಿಟ್ಟು ನೇಮಿಸಿ. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಂದೇ ಮೂಲ ಪಟ್ಟಿ ಇಟ್ಟು, ಬೇರೆ ಬೇರೆ ಜಾಲತಾಣ, ಸಾಮಾಜಿಕ ಜಾಲಗಳಿಗೆ ಅಲ್ಲಿಂದಲೇ ಹೋಗಲಿ. ದತ್ತಿಗೆ ಸಿದ್ಧ ಎಂದು ಪಶುವೈದ್ಯರು ಹೇಳಿದ 48 ಗಂಟೆಯೊಳಗೆ ಪುಟ ಏರಲಿ. ಮನೆ ಸಿಕ್ಕಿದ ದಿನವೇ ಇಳಿಯಲಿ. ಹೋಗಿಬಿಟ್ಟ ನಾಯಿಗಾಗಿ ಫೋನ್ ಮಾಡಿ ನಿರಾಶರಾದವರು ಎರಡನೇ ಸಲ ಮಾಡುವುದು ಕಡಿಮೆ. ಮಾತುಕತೆ ನಡೆಯುತ್ತಿದ್ದರೆ "ಒಬ್ಬರು ಕೇಳಿದ್ದಾರೆ, ಆದರೂ ಅರ್ಜಿ ಹಾಕಬಹುದು" ಎಂದು ಬರೆಯಿರಿ. 30 ದಿನ ಕಳೆದರೂ ಕರೆ ಬಾರದ ಪುಟಕ್ಕೆ ಮೊದಲ ಫೋಟೊ ಬದಲಿಸಿ, ಮೊದಲ ಎರಡು ಸಾಲು ಹೊಸದಾಗಿ ಬರೆಯಿರಿ. "ಒಂದು ವರ್ಷದಿಂದ ಕಾಯುತ್ತಿದ್ದಾನೆ" ಎಂದು ದೊಡ್ಡದಾಗಿ ಹಾಕುವ ಮೊದಲು ಯೋಚಿಸಿ. ಕೆಲವರ ಮನ ಕರಗುತ್ತದೆ, ಹಲವರು ಇದರಲ್ಲೇನೋ ಐಬಿದೆ ಎಂದುಕೊಳ್ಳುತ್ತಾರೆ. ಸಂಪರ್ಕಕ್ಕೆ ಸ್ವಯಂಸೇವಕರ ಸ್ವಂತ ಫೋನ್ ನಂಬರ್ ಕೊಡದೆ, ಶೆಲ್ಟರಿನದೇ ಒಂದು ನಂಬರ್, ಒಂದು ಇಮೇಲ್ ಇರಲಿ, ಯಾವ ಹೊತ್ತಿನಲ್ಲಿ ಎತ್ತುತ್ತೀರಿ ಎಂಬುದೂ ಇರಲಿ.

ಎಲ್ಲವನ್ನೂ ಪುಟದಲ್ಲಿ ಹಾಕಬೇಕೆಂದಿಲ್ಲ. ಗುರುತಿಗಾಗಿ ಪ್ರಾಣಿಯ ಚರ್ಮದಡಿ ಸೇರಿಸುವ ಮೈಕ್ರೋಚಿಪ್‌ನ 15 ಅಂಕಿಯ ಸಂಖ್ಯೆ ಬೇಡವೇ ಬೇಡ, ಅದನ್ನು ನೋಡಿಕೊಂಡು ಬಂದು ನನ್ನದೇ ನಾಯಿ ಎನ್ನುವವರಿದ್ದಾರೆ. ಮೂಲ ಮಾಲೀಕರು ಬರಬಹುದಾದ ಕಾಯುವ ಅವಧಿಯಲ್ಲಿರುವ ಪ್ರಾಣಿಯದಾದರೆ ಒಂದು ಗುರುತನ್ನು ಬೇಕೆಂದೇ ಬಿಟ್ಟುಬಿಡಿ: ಹೊಟ್ಟೆಯ ಮೇಲಿನ ಬಿಳಿ ಮಚ್ಚೆಯೋ, ಕಿವಿಯೊಳಗಿನ ಸೀಳೋ. ನಿಜವಾದ ಮಾಲೀಕರು ಕೇಳದೆಯೇ ಅದನ್ನು ಹೇಳುತ್ತಾರೆ. ನಿಮ್ಮ ಫೋಟೊ ಕದ್ದು, ಮುಂಗಡ ಕಳಿಸಿ ಎಂದು ಹಣ ಕೀಳುವ ವಂಚಕರೂ ಇದ್ದಾರೆ. ಚಿತ್ರದ ಮೂಲೆಯಲ್ಲಿ, ಕತ್ತರಿಸಿದರೆ ಪ್ರಾಣಿಯ ಪಾದವೂ ಹೋಗುವಂಥ ಜಾಗದಲ್ಲಿ, ಶೆಲ್ಟರಿನ ಹೆಸರು ಹಾಕಿ. ಪ್ರಾಣಿಯನ್ನು ನೇರವಾಗಿ ನೋಡುವ ಮೊದಲು ನಾವು ಯಾರಿಂದಲೂ ಹಣ ಪಡೆಯುವುದಿಲ್ಲ ಎಂಬ ಸಾಲು ಪ್ರತಿ ಪುಟದ ಕೆಳಗಿರಲಿ. ಹಾಗೆಯೇ ನಡೆದುಕೊಳ್ಳಿ ಕೂಡ.

ಕೊನೆಯದಾಗಿ, ವಾಪಸ್ ಬಂದ ಪ್ರಾಣಿಗಳು. ಹಳೆಯ ಪುಟವನ್ನೇ ಹಾಗೇ ಮತ್ತೆ ಏರಿಸುವುದು ವಾಡಿಕೆ. ಅದಕ್ಕೆ ಮೊದಲು, ತಂದುಬಿಟ್ಟವರು ಬಾಗಿಲು ದಾಟುವ ಮುನ್ನ ಅವರಿಗೊಂದು ಕುರ್ಚಿ ಕೊಟ್ಟು, ತಪ್ಪು ಹೊರಿಸುವ ದನಿ ಬಿಟ್ಟು ಕೇಳಿ: ರಾತ್ರಿ ಎಲ್ಲಿ ಮಲಗುತ್ತಿತ್ತು, ಒಂಟಿಯಾಗಿ ಬಿಟ್ಟಾಗ ಏನು ಮಾಡಿತು, ಮನೆಯೊಳಗೆ ಮೂತ್ರ ಮಾಡಿತೇ, ಎಷ್ಟನೇ ದಿನದಿಂದ ಸಲುಗೆಯಾಯಿತು, ಯಾಕೆ ಆಗಿಬರಲಿಲ್ಲ. ಒಂದು ಮನೆಯೊಳಗೆ ಅದು ಹೇಗಿರುತ್ತದೆ ಎಂಬ ಮಾಹಿತಿ ನಿಮ್ಮ ಬೋನಿನ ಚೀಟಿಯಲ್ಲಿ ಎಂದೂ ಸಿಗದು. ಅವರು ಕಾರಿನತ್ತ ಹೋಗುವ ಮೊದಲೇ ಬರೆದುಕೊಳ್ಳಿ. ಅವರ ಫೋನಿನಲ್ಲಿ ಅದು ಸೋಫಾದ ಮೇಲೆ ಅಂಗಾತ ಮಲಗಿದ ಫೋಟೊ ಇದ್ದೇ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಹೊಸ ಪುಟದ ಮೊದಲ ಚಿತ್ರ ಅದೇ ಆಗಲಿ.

ಇಂತಿ,
ದತ್ತು ಪುಟಗಳ ಕೆಲಸ ಮಾಡುವ ಸ್ವಯಂಸೇವಕರು